ಹೊಳೆಯಾಚೆಗೆ ಒಂದು ಗಂಟೆ

ಟೋರ್ನಿಯೋ
14 ಅಕ್ಟೋಬರ್ 2018

ಗುನ್ವೋರ್,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ನಾನೆಂದು ನಿನಗೆ ಗೊತ್ತಾಗಿರುತ್ತದೆ. ಒಂಬತ್ತು ವರ್ಷದಲ್ಲಿ ನನ್ನ ಕೈಬರಹ ಏನೂ ಸುಧಾರಿಸಿಲ್ಲ. ಆದರೂ ಒಡೆದು ಓದುತ್ತಿದ್ದೀಯಲ್ಲ, ಅಷ್ಟಾದರೂ ಆಯಿತು.

ಫೋನು ಮಾಡಬಹುದಿತ್ತು. ನಡೆದುಕೊಂಡೇ ಬರಬಹುದಿತ್ತು, ಹೊಳೆಯಾಚೆಗಿನ ನಿನ್ನ ಮನೆಯ ಹೊಗೆಗೂಡು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಆದರೆ ಎದುರಿಗೆ ಬಂದು ನಿಂತರೆ ನೀನು ಆ ಕ್ಷಣಕ್ಕೇ ಏನಾದರೊಂದು ಹೇಳಬೇಕಾಗುತ್ತದೆ. ಕಾಗದವಾದರೆ ಇಲ್ಲಿಂದ ದಕ್ಷಿಣಕ್ಕೆ ಹೋಗಿ, ಸಮುದ್ರ ದಾಟಿ, ಸ್ಟಾಕ್‌ಹೋಮ್ ಕಂಡು, ಮತ್ತೆ ಉತ್ತರಕ್ಕೆ ಹತ್ತಿ ಹಾಪರಾಂಡಕ್ಕೆ ಬರುವಷ್ಟರಲ್ಲಿ ವಾರವಾಗುತ್ತದೆ. ನಿನ್ನ ಮರುಕಾಗದಕ್ಕೆ ಇನ್ನೊಂದು ವಾರ. ಇಬ್ಬರಿಗೂ ಅಷ್ಟು ಪುರುಸೊತ್ತು ಬೇಕೆನಿಸಿತು.

ಬರೆಯುತ್ತಿರುವುದು ಕೆಲಸದ ವಿಷಯಕ್ಕೆ. ನಾವಿಬ್ಬರೂ ಸೇರಿ ಬರೆದ ಮನೆ-ಆರೈಕೆಯ ಪ್ರೋಗ್ರಾಮು ಇನ್ನೂ ಬದುಕಿದೆ. ಎರಡೂ ದಂಡೆಯ ವಯಸ್ಸಾದವರ ಮನೆಗಳಿಗೆ ಯಾವ ನರ್ಸು ಯಾವ ಹೊತ್ತಿಗೆ ಹೋಗಬೇಕು, ಯಾರಿಗೆ ಇನ್ಸುಲಿನ್, ಯಾರಿಗೆ ಸ್ನಾನ, ಯಾರಿಗೆ ಬರೀ ಅರ್ಧ ಗಂಟೆ ಮಾತು, ಎಲ್ಲವೂ ಇವತ್ತಿಗೂ ಅದರಿಂದಲೇ ನಡೆಯುತ್ತದೆ. ವರ್ಷ ಮುಂಚಿತವಾಗಿ ಭೇಟಿಗಳನ್ನು ಬರೆದಿಟ್ಟಿರುತ್ತಾರೆ. ಈಗ ಬ್ರಸೆಲ್ಸ್‌ನಲ್ಲಿ ಯುರೋಪ್ ಒಕ್ಕೂಟದವರ ನಡುವೆ ನಡೆದಿರುವ ಮಾತು ನೀನೂ ಕೇಳಿರುತ್ತೀಯ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವುದನ್ನು ನಿಲ್ಲಿಸುತ್ತಾರಂತೆ. ಯಾವ ಕಾಲ ಇಟ್ಟುಕೊಳ್ಳಬೇಕು ಅನ್ನುವುದನ್ನು ಪ್ರತಿಯೊಂದು ದೇಶವೂ ತಾನೇ ತೀರ್ಮಾನಿಸಬೇಕಂತೆ. ಫಿನ್ಲೆಂಡಿನ ನಾವು ಒಂದು ಆರಿಸಿ ಸ್ವೀಡನ್ನಿನ ನೀವು ಇನ್ನೊಂದು ಆರಿಸಿದರೆ ಎರಡು ದಂಡೆಗಳ ನಡುವೆ ಈಗಿರುವ ಒಂದು ಗಂಟೆಯ ಅಂತರ ಎರಡಾಗಬಹುದು, ಇಲ್ಲವೇ ಇಲ್ಲದೆಯೇ ಹೋಗಬಹುದು.

ನಾನು ಎಲ್ಲ ಭೇಟಿಗಳನ್ನೂ ಗ್ರೀನ್‌ವಿಚ್ ಕಾಲಕ್ಕೆ ಬದಲಿಸಿ ಇಟ್ಟಿದ್ದೇನೆ. ನಿನಗೆ ಗೊತ್ತು. ನಿಯಮ ಬದಲಾದರೆ ಗ್ರೀನ್‌ವಿಚ್ ಇದ್ದಲ್ಲೇ ಇರುತ್ತದೆ, ಗೋಡೆಯ ಗಡಿಯಾರಗಳು ಸರಿದುಬಿಡುತ್ತವೆ. ಎಂಟಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಕಾದವರ ಬಾಗಿಲನ್ನು ನರ್ಸು ಏಳಕ್ಕೆ ಬಡಿಯುತ್ತಾಳೆ, ಇಲ್ಲವೇ ಒಂಬತ್ತಕ್ಕೆ. ಹಾಗಾಗಿ ಸೆಟ್ಟಿಂಗ್ ಫೈಲಿನಲ್ಲಿ ನೀನು ಮೊದಲು ಬರೆದಿದ್ದಂತೆ ಪ್ರತಿ ಭೇಟಿಯ ಪಕ್ಕದಲ್ಲೂ ಊರಿನ ಹೆಸರು ಮತ್ತೆ ಹಾಕಬೇಕು. ನಾನು ಅಳಿಸಿದ್ದನ್ನೇ ನಾನು ಮತ್ತೆ ಬರೆಯಬೇಕು.

ಹಳೆಯ ಪ್ರತಿ ನನ್ನಲ್ಲಿದೆ. ಆದರೆ ಹಾಗೇ ಎತ್ತಿ ಹಾಕಲು ಧೈರ್ಯವಿಲ್ಲ. ಅಮ್ಮನ ಶವಸಂಸ್ಕಾರದ ಹೊತ್ತನ್ನೂ ಅದರಲ್ಲೇ ಬರೆದಿಟ್ಟಿದ್ದೆವು, ಅವತ್ತು ನಿನ್ನ ಫೋನಿನಲ್ಲಿ ಗಂಟೆ ತಪ್ಪಾಗಿ ತೋರಿಸಿದ್ದು ಆ ಪ್ರೋಗ್ರಾಮೇ. ಆ ದೋಷ ಎಲ್ಲಿತ್ತೆಂದು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ನಿನಗೇನಾದರೂ ಸಿಕ್ಕಿತ್ತೇ? ಅದೊಂದನ್ನು ಹೇಳು. ಬೇರೇನನ್ನೂ ಕೇಳುವುದಿಲ್ಲ.

ಐರಾ


ಹಾಪರಾಂಡ
2 ನವೆಂಬರ್ 2018

ಐರಾ,

ನಿನ್ನ ಕಾಗದ ಬಂದಾಗ ನಾನು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದೆ. ಅಂಚೆಯ ಹೆಂಗಸು ಫಿನ್ಲೆಂಡಿನ ಸ್ಟಾಂಪು ನೋಡಿ, ನನ್ನ ಮುಖ ನೋಡಿ, ಮತ್ತೆ ಹೊಳೆಯ ಕಡೆ ನೋಡಿ, "ಅಲ್ಲಿಂದಾನಾ? ಕೂಗಿದ್ರೆ ಕೇಳಿಸ್ತಿತ್ತಲ್ಲ," ಅಂದಳು. ಅವಳಿಗೆ ಏನು ಹೇಳಲಿ? ಕಾಲಿಗೆ ನೋವಿದೆ ಅಂದೆ. ಅದು ನಿಜವೇ, ಎಡ ಮಂಡಿ ಹೋಗಿದೆ. ಒಂದು ನಾಯಿ ಇದೆ, ಅದಕ್ಕೂ ಎಡಗಾಲು ಕುಂಟು. ಇಬ್ಬರೂ ಒಟ್ಟಿಗೆ ಹೊರಟರೆ ಬೀದಿಯವರಿಗೆ ಒಳ್ಳೆಯ ಮನರಂಜನೆ.

ಕೆಲಸದ ವಿಷಯ. ನೀನು ಮಾಡಹೊರಟಿರುವುದು ಸರಿ. ಆದರೆ ಎಲ್ಲವನ್ನೂ ಬದಲಿಸಬೇಡ. ಆಗಿಹೋದದ್ದು ಗ್ರೀನ್‌ವಿಚ್ ಕಾಲದಲ್ಲೇ ಇರಲಿ: ನರ್ಸು ಬಾಗಿಲು ತೆರೆದ ಹೊತ್ತು, ಔಷಧಿ ಕೊಟ್ಟ ಹೊತ್ತು. ಅದು ಯಾವ ಸರ್ಕಾರ ಏನು ಮಾಡಿದರೂ ಬದಲಾಗುವುದಿಲ್ಲ. ಇನ್ನೂ ಆಗಬೇಕಾದದ್ದಕ್ಕೆ ಮಾತ್ರ ಗೋಡೆ ಗಡಿಯಾರದ ಹೊತ್ತು ಮತ್ತು ಊರಿನ ಹೆಸರು, ಎರಡೂ ಜೊತೆಗೆ. ಗ್ರೀನ್‌ವಿಚ್‌ಗಿಂತ ಎರಡು ಗಂಟೆ ಮುಂದೆ, ಒಂದು ಗಂಟೆ ಮುಂದೆ ಅಂತ ಅಂಕಿ ಬರೆಯಬೇಡ. ಅಂಕಿ ಬೇಸಿಗೆಗೊಂದು, ಚಳಿಗೊಂದು. ಫಿನ್ಲೆಂಡಿನ ಕಾಲಕ್ಕೆ ಹೆಲ್ಸಿಂಕಿ ಅಂತ ಬರೆ, ಸ್ವೀಡನ್ನಿನದಕ್ಕೆ ಸ್ಟಾಕ್‌ಹೋಮ್ ಅಂತ ಬರೆ. ಯಾವ ದಿನ ಎಷ್ಟು ಅನ್ನುವುದನ್ನು ಅವತ್ತಿನ ನಿಯಮ ನೋಡಿ ಯಂತ್ರ ಲೆಕ್ಕ ಹಾಕಿಕೊಳ್ಳಲಿ.

ಇದು ನನ್ನ ಬುದ್ಧಿಯೇನಲ್ಲ, ನಿನ್ನ ಅಮ್ಮನದು, ಹಿಲ್ಯಾ ಅಮ್ಮನದು. ನೆನಪಿದೆಯೇ? ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ಆ ಎರಡು ದಪ್ಪ ಕಂಪ್ಯೂಟರು. ಅವುಗಳ ನಡುವೆ ಅಮ್ಮ ರೊಟ್ಟಿ ಲಟ್ಟಿಸಲು ಬಿಟ್ಟುಕೊಂಡಿದ್ದ ಜಾಗ. ಎಲ್ಲ ಕಾಲವನ್ನೂ ಗ್ರೀನ್‌ವಿಚ್‌ನಲ್ಲಿ ಇಡೋಣ, ಚೊಕ್ಕಟವಾಗಿರುತ್ತದೆ ಅಂತ ನೀನು. ಬೇಡ ಅಂತ ನಾನು. ಬೆಳಗಿನಿಂದ ಕಿತ್ತಾಡುತ್ತಿದ್ದೆವು. ಅಮ್ಮ ಹಿಟ್ಟಿನ ಕೈಯಲ್ಲೇ ತಿರುಗಿ, "ಹುಡ್ಗೀರಾ, ಕ್ರಿಸ್ಮಸ್ ಕಳೆದ್ಮೇಲೆ ಒಂದಿನ ಎಂಟಕ್ಕೆ ಬಾ ಅಂತ ನಾನು ನರ್ಸಮ್ಮಂಗೆ ಹೇಳಿದ್ರೆ, ಈ ಗೋಡೆ ಮೇಲೆ ಎಂಟಾದಾಗ ಬಾ ಅಂತ ಅರ್ಥ. ಲಂಡನ್ನಲ್ಲಿ ಆಗ ಎಷ್ಟಾಗಿರುತ್ತೆ ಅಂತ ಅವ್ಳೂ ಕೇಳಲ್ಲ, ನಾನೂ ಕೇಳಲ್ಲ. ನಿಮ್ಗ್ಯಾಕೆ ಬೇಕು?" ಅಂದರು. ನೀನು ಅರ್ಧ ದಿನ ಮುಖ ಊದಿಸಿಕೊಂಡಿದ್ದೆ. ಅಮ್ಮ ಈ ಕಣಿವೆಯ ರೂಢಿಯಂತೆ ಬಿಸಿ ಕಾಫಿಯಲ್ಲಿ ಗಿಣ್ಣಿನ ತುಂಡು ಮುಳುಗಿಸಿ ಕೊಟ್ಟ ಮೇಲೆ ಇಳಿಯಿತು.

ದೋಷದ ವಿಷಯ ಬಿಡು. ಹಳೆಯದನ್ನು ಹಾಗೇ ಹಾಕು, ನಡೆಯುತ್ತದೆ.

ಇಲ್ಲಿ ಹೊಳೆಯಂಚಿನಲ್ಲಿ ಮಂಜುಗಡ್ಡೆ ಕಟ್ಟತೊಡಗಿದೆ. ಅಲ್ಲಿಯೂ ಕಟ್ಟಿರುತ್ತದೆ, ಒಂದೇ ಹೊಳೆಯಲ್ಲವೇ.

ಗುನ್ವೋರ್


ಟೋರ್ನಿಯೋ
25 ನವೆಂಬರ್ 2018

ಗುನ್ವೋರ್,

ಅಮ್ಮನ ಮಾತನ್ನು ನೀನು ಬರೆದ ರೀತಿ ಓದಿ ಸ್ವಲ್ಪ ಹೊತ್ತು ಎದ್ದು ಓಡಾಡಬೇಕಾಯಿತು. ಆ ಮೇಜು ಈಗಲೂ ಇಲ್ಲೇ ಇದೆ. ನಿನ್ನ ಕಡೆಯ ಅಂಚಿನಲ್ಲಿ ಕಾಫಿ ಲೋಟದ ಬಿಳಿ ಬಳೆ ಹಾಗೇ ಉಳಿದಿದೆ.

ಆದರೆ ದೋಷದ ವಿಷಯ ಬಿಡು ಅಂದೆಯಲ್ಲ, ಅದು ನನ್ನಿಂದ ಆಗುವುದಿಲ್ಲ. ಇದು ಈಜುಕೊಳದ ವೇಳಾಪಟ್ಟಿಯಲ್ಲ. ಒಂದು ಗಂಟೆ ತಪ್ಪಿದರೆ ಪ್ರಾಣಕ್ಕೆ ಕುತ್ತಾಗುವವರು ಎರಡೂ ದಂಡೆಯಲ್ಲಿದ್ದಾರೆ. ಎಲ್ಲಿ ಕೆಟ್ಟಿದೆ ಎಂದು ತಿಳಿಯದೆ ಹಳೆಯದನ್ನು ಜನವರಿಯಲ್ಲಿ ಚಾಲೂ ಮಾಡಲಾರೆ. ಆರೈಕೆ ಕಚೇರಿಯವರಿಗೂ ಹಾಗೆಂದೇ ಹೇಳಿದ್ದೇನೆ. ಅವರು ದಕ್ಷಿಣದ ಯಾವುದೋ ದೊಡ್ಡ ಕಂಪನಿಯ ಪ್ರೋಗ್ರಾಮು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದರಲ್ಲಿ ಒಂದು ಕಚೇರಿಗೆ ಒಂದೇ ಕಾಲವಂತೆ. "ಹೊಳೆ ಇದೆಯಲ್ಲ ನಮ್ಮಲ್ಲಿ," ಅಂದೆ. ಕಂಪನಿಯಿಂದ ಬಂದಿದ್ದ ಹುಡುಗಿ, "ಒಂದೇ ಕಾಲ ಇಟ್ಕೊಳ್ಳಿ ಮೇಡಂ, ಉಳಿದವ್ರು ಕೂಡ್ಸಿ ಕಳೆದು ಮಾಡ್ಕೋತಾರೆ," ಅಂದಳು. ನಮ್ಮ ಎಂಬತ್ತೈದರ ಮುದುಕಿಯರು ಕೂಡಿಸಿ ಕಳೆದು ಮಾಡಿಕೊಳ್ಳಬೇಕಂತೆ.

ಒಂದು ಮಾತು ಹೇಳಿಬಿಡುತ್ತೇನೆ. ಆಗ ನೀನು ಕಳಿಸಿದ ಕಾರ್ಡಿನಲ್ಲಿ ಮೂರೇ ಸಾಲಿದ್ದವು: ಗಂಟೆ ತಪ್ಪಿತು, ನಿಮ್ಮ ಮಧ್ಯಾಹ್ನದ ಒಂದು ಗಂಟೆಯನ್ನು ಪ್ರೋಗ್ರಾಮು ನಮ್ಮ ಒಂದು ಗಂಟೆ ಎಂದು ತೋರಿಸಿತು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಓದಿ ನನಗೆ ನಿನ್ನ ಮೇಲೆ ಸಿಟ್ಟು ಬಂತು ಅಂದುಕೊಂಡಿದ್ದೀಯಾ? ಸಿಟ್ಟಲ್ಲ. ನನ್ನ ಅಮ್ಮ ನಿನಗೂ ಅಮ್ಮನೇ ಆಗಿದ್ದಳು. ನಾವು ಎರಡು ಊರಿಗೆ ಕಾಲ ಮಾರುವವರು. ಆ ನಾವು ಬರೆದ ಸಾಲೊಂದು ನಿನ್ನನ್ನು ಅವಳ ಕೊನೆಯ ದಾರಿಗೆ ಬರದ ಹಾಗೆ ಮಾಡಿತು. ನಿನ್ನ ಮುಖ ನೋಡಲು ನಾಚಿಕೆಯಾಯಿತು. ಆ ಬೇಸಿಗೆ ಪೂರ್ತಿ ಒಂದೊಂದೇ ಸಾಲು ಹುಡುಕಿದೆ. ಸಿಗಲಿಲ್ಲ. ಕೊನೆಗೆ ಊರಿನ ಹೆಸರಿರುವ ಭಾಗವನ್ನೆಲ್ಲ ಕಿತ್ತು ಗ್ರೀನ್‌ವಿಚ್ ಮಾಡಿಟ್ಟೆ, ಇನ್ನೊಬ್ಬರಿಗೆ ಹಾಗಾಗದಿರಲಿ ಎಂದು. ಅದು ನಿನ್ನ ಕೆಲಸ ಎಂದು ಆಗ ತೋಚಲಿಲ್ಲ. ಶರತ್ಕಾಲದಲ್ಲಿ ನೀನು ನಿನ್ನ ಹತ್ತಿರವಿದ್ದ ನಮ್ಮ ಮನೆಯ ಬೀಗದಕೈ ಲಕೋಟೆಯಲ್ಲಿ ಹಾಕಿ ಕಳಿಸಿದೆ. ನಾನೂ ಏನೂ ಕೇಳಲಿಲ್ಲ.

ಹಾಗಾಗಿ ಹೇಳು. ನಿನ್ನ ಫೋನು ಅವತ್ತು ಏನು ತೋರಿಸಿತು? ಎಲ್ಲಿಂದ ಹೊರಟಿದ್ದೆ? ನೆನಪಿದ್ದಷ್ಟು ಸಾಕು.

ಐರಾ


ಹಾಪರಾಂಡ
12 ಡಿಸೆಂಬರ್ 2018

ಐರಾ,

ದೋಷ ಇರಲಿಲ್ಲ. ನೀನು ಹುಡುಕಿದ್ದರಲ್ಲಿ ಕಡಿಮೆಯೇನಿಲ್ಲ, ಇಲ್ಲದ್ದು ಸಿಗುವುದಿಲ್ಲ ಅಷ್ಟೆ. ಹಳೆಯದನ್ನು ಧೈರ್ಯವಾಗಿ ಚಾಲೂ ಮಾಡು.

ಇದಕ್ಕಿಂತ ಹೆಚ್ಚು ಈಗ ಕೇಳಬೇಡ. ನಿನ್ನ ತಮ್ಮ ಎನ್ಸಿಯೋಗೆ ನನ್ನ ಕ್ರಿಸ್ಮಸ್ ಹಾರೈಕೆ ಹೇಳು. ನಿನಗೂ.

ಗುನ್ವೋರ್


ಟೋರ್ನಿಯೋ
13 ಜನವರಿ 2019

ಗುನ್ವೋರ್,

ನಿನ್ನ ಹಾರೈಕೆಯನ್ನು ಎನ್ಸಿಯೋಗೆ ಹೇಳಿದೆ. ಹೇಳದಿದ್ದರೆ ಈ ಕಾಗದ ಬರೆಯುತ್ತಲೇ ಇರಲಿಲ್ಲವೇನೋ.

ನನ್ನ ತಮ್ಮ ಹೇಗೆಂದು ನಿನಗೆ ಗೊತ್ತಲ್ಲ. ಹಬ್ಬದ ದಿನ ಬಂದ, ಹಂದಿಮಾಂಸ ತಿಂದ, ಮೂಲಂಗಿ ಪಲ್ಯಕ್ಕೆ ಉಪ್ಪು ಹಾಕಿಕೊಂಡ, ಕಿಟಕಿಯ ಹೊರಗೆ ಹಿಮ ನೋಡುತ್ತ ಕೂತ. ನಾನು ಮಾತಿಗೆಂದು, ಗುನ್ವೋರ್‌ಗೂ ನನಗೂ ಕಾಗದ ಓಡಾಡುತ್ತಿದೆ, ಪ್ರೋಗ್ರಾಮಿನಲ್ಲಿ ದೋಷ ಇರಲಿಲ್ಲ ಅನ್ನುತ್ತಾಳೆ, ಹಾಗಾದರೆ ಅಮ್ಮನ ದಿನ ಯಾಕೆ ತಡವಾಗಿ ಬಂದಳೋ ಅಂದೆ.

"ತಡವಾಗೇನು ಬರ್ಲಿಲ್ಲ ಅವ್ಳು," ಅಂದ.

"ಅಂದ್ರೆ?"

"ನಮಗಿಂತ ಮುಂಚೇನೇ ಬಂದಿದ್ಲು. ಚರ್ಚಿನ ಹಿಂದೆ, ಆ ಬರ್ಚ್ ಮರದ ಹತ್ರ ಕಾರು ನಿಲ್ಸಿದ್ಲು. ಒಳಗೇ ಕೂತಿದ್ಲು."

"ನೀ ನೋಡಿದ್ಯಾ?"

"ನೋಡೋದೇನು, ಕಾಫಿ ಕೊಟ್ಟು ಬಂದೆ. ಚಳಿ ಇತ್ತಲ್ಲ."

ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. "ಒಂಬತ್ತು ವರ್ಷದಿಂದ ಯಾಕೋ ಹೇಳ್ಲಿಲ್ಲ ಇದನ್ನ?"

"ನೀ ಕೇಳ್ಲಿಲ್ಲ."

"ಹೀಗೆ ಅಂತ ಗೊತ್ತಿದ್ರೆ ತಾನೇ ಕೇಳೋದು, ಮಹರಾಯ."

"ಅದೂ ಹೌದು," ಅಂದ. ಇನ್ನೊಂದು ಆಲೂಗಡ್ಡೆ ಹಾಕಿಕೊಂಡ.

ಗುನ್ವೋರ್, ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ತುಂಬಾ ಸಿಟ್ಟಿತ್ತು. ನಾನು ಒಂದು ಬೇಸಿಗೆ ಕಳೆದುಕೊಂಡೆ, ನಿನ್ನ ಕೆಲಸವನ್ನು ಅಳಿಸಿದೆ, ನಿನ್ನನ್ನೂ ಕಳೆದುಕೊಂಡೆ. ಇಲ್ಲದ ಒಂದು ತಪ್ಪಿಗಾಗಿ. ಆಮೇಲೆ ಹೊಳೆಯ ಕಡೆ ನೋಡುತ್ತ ಕೂತಾಗ ನಾವು ಹದಿನೆಂಟರಲ್ಲಿದ್ದಾಗಿನ ಶನಿವಾರಗಳು ನೆನಪಾದವು. ಇಲ್ಲಿ ಹನ್ನೆರಡು ಹೊಡೆದು ಕುಣಿತ ಮುಗಿದರೆ ಸೇತುವೆ ದಾಟಿ ನಿಮ್ಮಲ್ಲಿಗೆ ಓಡುತ್ತಿದ್ದೆವು. ಅಲ್ಲಿ ಇನ್ನೂ ಹನ್ನೊಂದು, ಇನ್ನೊಂದು ಗಂಟೆ ಹಾಡು ಬಾಕಿ. ಮನೆಗೆ ತಡವಾದರೆ ಅಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಸ್ವೀಡನ್ ಟೈಮು ಅಂದ್ಕೊಂಡ್ವಿ ಅಮ್ಮಾ," ಅನ್ನುತ್ತಿದ್ದೆವು. ಅವಳು ನಂಬಿದಂತೆ ಮಾಡುತ್ತಿದ್ದಳು. ಈ ಕಣಿವೆಯಲ್ಲಿ ಆ ಒಂದು ಗಂಟೆಯ ನೆಪ ಹೇಳದವರು ಯಾರಿದ್ದಾರೆ? ನಿನ್ನ ಕಾರ್ಡನ್ನು ಅಮ್ಮ ಓದಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದಳು. ನಾನು ಹಿಡಿಯಲಿಲ್ಲ.

ಯಾಕೆ ಒಳಗೆ ಬರಲಿಲ್ಲ ಎಂದು ಹೇಳಬೇಕೆನಿಸಿದರೆ ಹೇಳು. ಇಲ್ಲದಿದ್ದರೆ ನಿನ್ನ ಮಂಡಿಯ ವಿಷಯ ಬರೆ.

ಐರಾ


ಹಾಪರಾಂಡ
3 ಫೆಬ್ರುವರಿ 2019

ಐರಾ,

ಮಂಡಿ ಹಾಗೇ ಇದೆ.

ನಾನು ಒಂದು ಗಂಟೆ ಮೊದಲೇ ಬಂದಿದ್ದೆ. ಹೊಸ ಕಪ್ಪು ಕೋಟು ಹಾಕಿಕೊಂಡು, ಹೂವಿನ ಕಟ್ಟು ಪಕ್ಕದ ಸೀಟಿನಲ್ಲಿಟ್ಟುಕೊಂಡು. ಕಾರು ನಿಲ್ಲಿಸಿ ಬಾಗಿಲಿಗೆ ಕೈ ಹಾಕಿದಾಗ ನೀವೆಲ್ಲ ಬಂದಿರಿ. ನೀನು, ಎನ್ಸಿಯೋ, ಅವನ ಮಕ್ಕಳು, ಊಲು ಪಟ್ಟಣದ ಚಿಕ್ಕಮ್ಮಂದಿರು. ಪಾದ್ರಿ ಕೈಕುಲುಕಿ ಎಲ್ಲರನ್ನೂ ಮುಂದಿನ ಬೆಂಚಿನ ಕಡೆ ಕರೆದೊಯ್ದರು. ಉಳಿದವರು ಹಿಂದೆ ಕೂತರು: ನೆರೆಯವರು, ಅಂಗಡಿಯವಳು, ಆರೈಕೆಯ ನರ್ಸುಗಳು. ನಾನು ಎಲ್ಲಿ ಕೂರಬೇಕು ಎಂದು ನನಗೆ ಗೊತ್ತಾಗಲಿಲ್ಲ.

ಇಷ್ಟೇ ಕಾರಣ. ಬರೆದು ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆ. ನನ್ನ ಹೆತ್ತಮ್ಮ ಹೋದಾಗ ನನಗೆ ಹನ್ನೆರಡು. ಆ ಚಳಿಗಾಲ ಶಾಲೆಯ ಸ್ಕೀ ಓಟದಲ್ಲಿ ನೀನು ಪರಿಚಯವಾಗಿ ಮನೆಗೆ ಕರೆದುಕೊಂಡು ಹೋದೆ. ಅಮ್ಮ ನನ್ನ ಒದ್ದೆ ಕೈಗವಸು ಕಳಚಿ ಒಲೆಯ ಮೇಲೆ ನಿಮ್ಮ ಕೈಗವಸುಗಳ ಜೊತೆ ನೇತುಹಾಕಿದರು. ಕೇಳಲಿಲ್ಲ, ಹೇಳಲಿಲ್ಲ. ಅಲ್ಲಿಂದ ನಲವತ್ತು ವರ್ಷ ನಾನು ಆ ಮನೆಯಲ್ಲಿ ಉಂಡೆ. ಆದರೆ ಪತ್ರಿಕೆಯ ಮರಣ ವಾರ್ತೆಯಲ್ಲಿ ಐರಾ ಮತ್ತು ಎನ್ಸಿಯೋ ಎಂದಿತ್ತು, ಕೆಳಗೆ ಬಂಧುಗಳು ಎಂದಿತ್ತು. ನಾನು ಬಂಧುವಲ್ಲ. ಮುಂದಿನ ಬೆಂಚಿಗೆ ಹೋಗುವ ಹಕ್ಕಿಲ್ಲ. ಅಂಗಡಿಯವಳ ಪಕ್ಕ ಕೂತು ಅಮ್ಮನನ್ನು ಕಳಿಸಿಕೊಡಲು ಮನಸ್ಸು ಒಪ್ಪಲಿಲ್ಲ. ನೀನು ಒಂದು ಮಾತು ಹೇಳುತ್ತೀ ಎಂದು ಅಂದುಕೊಂಡಿದ್ದೆ. ಆ ವಾರ ನಿನಗೆ ಏನೇನಿತ್ತೋ, ನಿನಗೆ ಹೇಗೆ ನೆನಪಿರಬೇಕು. ಈಗ ಅರವತ್ತು ದಾಟಿದ ಮೇಲೆ ಅದು ಗೊತ್ತಾಗುತ್ತದೆ.

ಎನ್ಸಿಯೋ ಕಿಟಕಿ ತಟ್ಟಿ ಕಾಫಿ ಕೊಟ್ಟ. "ಒಳಗೆ ಜಾಗ ಇದೆ," ಅಂದ. ಬರ್ತೀನಿ ಅಂದೆ. ಅವನು ಶವಪೆಟ್ಟಿಗೆ ಹೊರಬೇಕಾಗಿತ್ತಲ್ಲ, ಹೋದ. ಗಂಟೆ ಹೊಡೆಯುವಾಗಲೂ ನಾನು ಕಾರಿನೊಳಗೇ ಇದ್ದೆ.

ನಿನಗೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ, ಹಳೆಯ ನೆಪ ಕೈಗೆ ಬಂತು. ನೀನು ಅದನ್ನು ನಂಬಿ ಪ್ರೋಗ್ರಾಮನ್ನು ಬಿಚ್ಚುತ್ತೀ ಎಂದು ನನಗೇನು ಗೊತ್ತು? ನೀನು ನನ್ನ ಸಾಲುಗಳನ್ನೆಲ್ಲ ಅಳಿಸಿದ್ದನ್ನು ಕಂಡ ದಿನ, ಇವಳಿಗೆ ಸುಳ್ಳು ಗೊತ್ತಾಗಿದೆ, ಇದು ಇವಳ ಉತ್ತರ ಎಂದುಕೊಂಡೆ. ಬೀಗದಕೈ ಕಳಿಸಿದೆ.

ನಾಯಿ ಹೊರಗೆ ಹೋಗಬೇಕೆಂದು ಬಾಗಿಲು ಕೆರೆಯುತ್ತಿದೆ.

ಗುನ್ವೋರ್


ಟೋರ್ನಿಯೋ
7 ಏಪ್ರಿಲ್ 2019

ಪ್ರೀತಿಯ ಗುನ್ವೋರ್,

ನಿನ್ನೆ ನೀನು ಹೋದ ಮೇಲೆ ಮೇಜಿನ ಮೇಲೆ ನಿನ್ನ ಕನ್ನಡಕ ಸಿಕ್ಕಿತು. ಓದಲು ಅದಿಲ್ಲದೆ ನಿನಗೆ ಆಗುವುದಿಲ್ಲ, ಹಾಗಾಗಿ ಈ ಕಾಗದವನ್ನು ನಿನ್ನ ಪಕ್ಕದ ಮನೆಯವರ ಕೈಲಿ ಓದಿಸಿಕೋ. ಕನ್ನಡಕ ಅಂಚೆಗೆ ಹಾಕುವುದಿಲ್ಲ. ಬಂದು ತೆಗೆದುಕೊಂಡು ಹೋಗು.

ಒಂದು ತಿಂಗಳಿಂದ ಇಬ್ಬರೂ ಮತ್ತೆ ಇದೇ ಮೇಜಿಗೆ ಎದುರುಬದುರು ಕೂತು ಕೆಲಸ ಮಾಡುತ್ತಿರುವಾಗಲೂ ಕಾಗದ ಯಾಕೆ ಎಂದು ಎನ್ಸಿಯೋ ಕೇಳಿದ. ಬಾಯಲ್ಲಿ ಹೇಳಲಾಗದ್ದು ಇನ್ನೂ ಸ್ವಲ್ಪ ಉಳಿದಿದೆ ಅಂದೆ. "ಹಂಗಾದ್ರೆ ಬರಿ," ಅಂದ.

ಉಳಿದದ್ದು ಇದು. ನಾನು ಒಂದು ಮಾತು ಹೇಳಬೇಕಿತ್ತು. ಆ ವಾರ ಹೇಳಲಿಲ್ಲ. ನೀನು ಮುಂದಿನ ಬೆಂಚಿನಲ್ಲಿ ಕೂರುತ್ತೀ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಅದಕ್ಕೇ ಹೇಳಲಿಲ್ಲ. ಚರ್ಚಿನೊಳಗೆ ನನ್ನ ಎಡಕ್ಕೆ ಕೋಟು ಇಟ್ಟು ಜಾಗ ಹಿಡಿದಿದ್ದೆ. ಪಾದ್ರಿ ಮಾತು ಶುರು ಮಾಡಿದ ಮೇಲೆ ಕೋಟು ತೆಗೆದು ಮಡಿಲಲ್ಲಿಟ್ಟುಕೊಂಡೆ.

ಕೆಲಸದ ಸುದ್ದಿ. ಆರೈಕೆ ಕಚೇರಿಯವರು ಒಪ್ಪಿದರು. ದಕ್ಷಿಣದ ಕಂಪನಿಗೆ ಸದ್ಯಕ್ಕೆ ಬೇಡವೆಂದು ಬರೆದಿದ್ದಾರೆ. ನಾವು ಮನೆಮನೆಗೆ ಹೋಗಿ ಕೇಳಿ ಬಂದ ಎಲ್ಲರ ಭೇಟಿಗಳಿಗೂ ಊರಿನ ಹೆಸರು ಹಾಕಿ ಮುಗಿಸಿದೆ. ಕಳೆದ ಭಾನುವಾರ ಗಡಿಯಾರ ಮುಂದಕ್ಕೆ ಹೋದಾಗ ಒಬ್ಬರ ಬಾಗಿಲನ್ನೂ ಯಾರೂ ತಪ್ಪು ಹೊತ್ತಿಗೆ ಬಡಿಯಲಿಲ್ಲ. ಬ್ರಸೆಲ್ಸ್‌ನವರು ಮತ ಹಾಕಿದ್ದಾರಂತೆ, ಇನ್ನು ದೇಶಗಳು ತೀರ್ಮಾನಿಸಬೇಕಂತೆ. ಯಾವಾಗ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಏನಾದರೂ ಆಗಲಿ, ನಾವು ತಯಾರಿದ್ದೇವೆ.

ಮನೆಮನೆಗೆ ಹೋಗಿ ಕೇಳಬೇಕೆಂದು ನೀನು ಹಟ ಹಿಡಿದದ್ದು ಒಳ್ಳೆಯದಾಯಿತು. ವಿಳಾಸ ನೋಡಿ ನಾನೇ ತುಂಬಿಬಿಡುತ್ತಿದ್ದೆ: ನಿಮ್ಮ ದಂಡೆಗೆ ಸ್ಟಾಕ್‌ಹೋಮ್, ನಮ್ಮ ದಂಡೆಗೆ ಹೆಲ್ಸಿಂಕಿ. ಆಗ ರಾಗ್ನಾರ್ ಕಥೆ ಏನಾಗುತ್ತಿತ್ತು? ಹುಟ್ಟಿದ್ದು ಹಾಪರಾಂಡ, ಬೆಳೆದದ್ದು ಹಾಪರಾಂಡ, ತೊಂಬತ್ತರ ಹತ್ತಿರದ ವಯಸ್ಸು, ಫಿನ್ನಿಷ್ ಮಾತಾಡಿದರೆ ಈಗಲೂ ನಾಲಿಗೆ ತೊಡರುತ್ತದೆ. ನೀನು ಕೇಳಿದೆ: "ರಾಗ್ನಾರ್, ನೀವು ಯಾವ ಗಡಿಯಾರ ನೋಡ್ಕೊಂಡು ಏಳ್ತೀರಿ?" ಅವರು ಕೋಲಿನಿಂದ ಒಲೆಯ ಮೇಲಿನ ಗಡಿಯಾರ ತೋರಿಸಿದರು. ಅದು ನಮ್ಮ ಕಾಲದಲ್ಲಿ ಓಡುತ್ತಿತ್ತು.

"ಇದು ಒಂದು ಗಂಟೆ ಮುಂದಿದೆಯಲ್ಲ," ಅಂದೆ ನಾನು.

"ಮುಂದಿಲ್ಲ. ನನ್ನ ಹೆಂಡ್ತಿ ಲೆಂಪಿ ಕಾಲ ಅದು," ಅಂದರು. "ಅವ್ಳು ಆಚೆ ರೇಡಿಯೋ ಕೇಳ್ತಿದ್ಲು, ಆಚೆ ವಾರ್ತೆ ಟೈಮಿಗೆ ಗಂಜಿ ಮಾಡ್ತಿದ್ಲು. ಐವತ್ತು ವರ್ಷ ಆ ಟೈಮಿಗೇ ತಿಂದೆ. ಹೋದ್ಲು ಅಂತ ಬದ್ಲಾಯಿಸ್ಲಾ?"

"ನೆರೆಮನೆಯವ್ರಿಗೆ ಕಷ್ಟ ಆಗಲ್ವಾ?"

"ನೆರೆಮನೆಯವ್ನು ಹನ್ನೊಂದಕ್ಕೆ ಏಳ್ತಾನೆ. ಅವ್ನಿಗೆ ಯಾವ ದೇಶದ್ದಾದ್ರೇನು."

ಅವರ ವಿಳಾಸ ಹಾಪರಾಂಡ, ಕಾಲ ಹೆಲ್ಸಿಂಕಿ ಎಂದು ಬರೆದೆ. ವಿಳಾಸ ನೋಡಿ ಕಾಲ ತುಂಬಿಸುವ ಸಾಲನ್ನು ಅವತ್ತೇ ಅಳಿಸಿದೆ. ಆ ಖಾನೆಯನ್ನು ಇನ್ನು ಮುಂದೆ ಯಾರಾದರೂ ಕೇಳಿಯೇ ತುಂಬಬೇಕು.

ಹಿಂತಿರುಗುವಾಗ ಸೇತುವೆಯ ಮೇಲೆ ಚರ್ಚಿನ ಹಿಂದೆ ಅಮ್ಮನ ಸಮಾಧಿಯ ದಾರಿ ಹಿಡಿಯೋಣವೇ ಎಂದು ಕೇಳಿದೆ, ನೆನಪಿದೆಯೇ? ನೀನು ಈಗ ಬೇಡ ಅಂದೆ. ಸರಿ. ಹಿಮ ಕರಗಿದ ಮೇಲೆ ದಾರಿ ಸುಲಭ, ಮಂಡಿಗೂ ಒಳ್ಳೆಯದು. ನೀನೊಬ್ಬಳೇ ಹೋಗಬೇಕೆನಿಸಿದರೂ ಸರಿ.

ನಿನ್ನ
ಐರಾ


ಹಾಪರಾಂಡ
13 ಮೇ 2019

ಪ್ರೀತಿಯ ಐರಾ,

ಕಳೆದ ವಾರ ಹೊಳೆಯ ಮಂಜುಗಡ್ಡೆ ಒಡೆಯಿತು. ಬೆಳಿಗ್ಗೆ ಫಿರಂಗಿ ಹೊಡೆದಂಥ ಸದ್ದು. ನಾಯಿ ಮಂಚದಡಿ ಸೇರಿಕೊಂಡಿತು. ನೋಡನೋಡುತ್ತಿದ್ದಂತೆ ಮಂಜುಗಡ್ಡೆಯ ಹಲಗೆಗಳು ಒಂದರ ಮೇಲೊಂದು ಹತ್ತಿ ಸಮುದ್ರದ ಕಡೆ ಹೊರಟವು. ನೀನೂ ನಿನ್ನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ ಎಂದುಕೊಂಡಿದ್ದೇನೆ.

ನಿನ್ನೆ ನಿಮ್ಮಲ್ಲಿ ತಾಯಂದಿರ ದಿನ. ನಮ್ಮಲ್ಲಿ ಈ ತಿಂಗಳ ಕೊನೆಗೆ. ಅಮ್ಮ ಬದುಕಿದ್ದಾಗ ನಾನು ಎರಡು ದಿನವೂ ಹೂ ಕೊಡುತ್ತಿದ್ದೆ. "ಒಂದ್ಸಲ ಕೊಟ್ರೆ ಸಾಕು, ಇನ್ನೊಂದು ಸಲಕ್ಕೆ ಕಾಫಿಪುಡಿ ತಗೊಂಬಾ," ಅನ್ನುತ್ತಿದ್ದರು. ಈ ಸಲ ನಿಮ್ಮ ದಿನಕ್ಕೇ ಹೋಗೋಣ ಎಂದು ಹೊರಟೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಬರುತ್ತಿದ್ದೆ, ನಿನ್ನೆದುರು ನಾನು ಮತ್ತೆ ಬೇಡ ಅಂದುಬಿಡುತ್ತಿದ್ದೆನೇನೋ.

ಬೇಲಿಯ ಹತ್ತಿರ ಒಂದಷ್ಟು ಹೊತ್ತು ನಿಂತೆ. ಸ್ಮಶಾನದಲ್ಲಿ ತುಂಬಾ ಜನ. ಎಲ್ಲರ ಕೈಯಲ್ಲೂ ಕುಂಟೆ, ಬಕೆಟ್ಟು, ಹಳದಿ ಹೂವಿನ ಸಸಿ. ಹಿಮ ಕರಗಿದ ಮೇಲೆ ಎಲ್ಲ ಕಡೆ ಕೊಳೆತ ಎಲೆ, ಜಾರದಿರಲೆಂದು ದಾರಿಗೆ ಹಾಕಿದ್ದ ಜಲ್ಲಿ. ಸಾಲು ತಪ್ಪಿ ಸುತ್ತಾಡಿದೆ. ಅಮ್ಮನ ಕಲ್ಲು ಎಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲವಲ್ಲ. ಆಮೇಲೆ ಎನ್ಸಿಯೋನ ಬೆನ್ನು ಕಂಡಿತು. ಆ ಬೆನ್ನನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ.

ನನ್ನನ್ನು ನೋಡಿದ. ಆಶ್ಚರ್ಯವೇನೂ ಪಡಲಿಲ್ಲ. ಕಲ್ಲಿನ ಈ ಬದಿಯ ನೆಲ ಬಾಚಿ ಚೊಕ್ಕಟವಾಗಿತ್ತು, ಮೂರು ಸಸಿ ನೆಟ್ಟಾಗಿತ್ತು. ಆ ಬದಿ ಎಲೆ ಕಸ ಎಲ್ಲ ಹಾಗೇ ಇತ್ತು. ಅರ್ಧಕ್ಕೆ ನಿಲ್ಲಿಸಿದ್ದೀಯಲ್ಲ ಅಂದೆ.

"ನಾನಲ್ಲ. ಅಕ್ಕ ಬೆಳಿಗ್ಗೇನೇ ಬಂದು ಈ ಕಡೆ ಮಾಡಿ ಹೋದ್ಲು," ಅಂದ. "ಆ ಕಡೆ ಮುಟ್ಬೇಡ ಅಂದ್ಲು. ಅದು ಗುನ್ವೋರ್‌ದು ಅಂದ್ಲು."

"ನಾನು ಇವತ್ತು ಬರ್ತೀನಿ ಅಂತ ಅವ್ಳಿಗೆ ಹೇಗೆ ಗೊತ್ತು?"

"ಗೊತ್ತಿಲ್ಲ ಅವ್ಳಿಗೆ. ಹೋದ ವರ್ಷವೂ ಬಿಟ್ಟಿದ್ಲು. ಅದರ ಹಿಂದಿನ ವರ್ಷವೂ. ಬೇಸಿಗೆ ಪೂರ್ತಿ ಅರ್ಧ ಕಸ ಇಟ್ಕೊಂಡಿರುತ್ತೆ ಇದು. ಕಾವಲಿನವ್ನು ಬಂದು ಬೈದು ಹೋಗ್ತಾನೆ."

ಕುಂಟೆಯನ್ನು ನನ್ನ ಕಡೆ ಚಾಚಿದ.

ಮಂಡಿಯೂರಲು ಆಗಲಿಲ್ಲ, ನಿಂತೇ ಬಾಚಿದೆ. ಕೆಳಗಿನ ಎಲೆಗಳು ಇನ್ನೂ ಹೆಪ್ಪುಗಟ್ಟಿದ್ದವು, ಕುಂಟೆಯ ಹಲ್ಲು ತಾಗಿದರೆ ಹಲಗೆಹಲಗೆಯಾಗಿ ಏಳುತ್ತಿದ್ದವು. ಎನ್ಸಿಯೋ ನೀರು ತಂದುಕೊಟ್ಟ. ನಾನು ಸಸಿ ತಂದಿರಲಿಲ್ಲ, ಅವನ ಬಕೆಟ್ಟಿನಲ್ಲಿ ಮೂರು ಉಳಿದಿದ್ದವು, ಬಗ್ಗಿ ಅವನ್ನೇ ನೆಟ್ಟೆ. ನನ್ನ ಸಾಲು ಸ್ವಲ್ಪ ಸೊಟ್ಟಗೆ ಬಂದಿದೆ. ನೀನು ಹೋದಾಗ ನೆಟ್ಟಗೆ ಮಾಡಲು ಹೋಗಬೇಡ.

ಗುನ್ವೋರ್